ಮುಖಪುಟದಲ್ಲಿ ಸಾಹೇಬರಿದ್ದಾರೆ, ಸುದ್ದಿ ಐದನೇ ಪುಟಕ್ಕೆ ಹೋಗಿದೆ

ನಮ್ಮ ಜಿಲ್ಲೆಗಳ ಎಂಟು ಪುಟದ ಪತ್ರಿಕೆಗಳನ್ನು ಯಾರೂ ಸರಿಯಾಗಿ ಓದುತ್ತಿಲ್ಲ. ಹೋಟೆಲಿನಲ್ಲಿ ಕೂತು, ಮುಖಪುಟದ ಮೇಲೆ ಕಣ್ಣಾಡಿಸಿ, "ಏನೂ ಇಲ್ಲ ಮಾರಾಯ್ರೇ, ಬರೀ ಜಾಹೀರಾತು" ಅಂತ ಪಕ್ಕದ ಟೇಬಲ್ಲಿಗೆ ತಳ್ಳಿಬಿಡುತ್ತಾರೆ. ಇದು ಅನ್ಯಾಯ. ಸುದ್ದಿ ಇರುವುದೇ ಆ ಜಾಹೀರಾತಿನಲ್ಲಿ. ಜಾಹೀರಾತು ಬೇಕಿದ್ದರೆ ಸುದ್ದಿ ಓದಬೇಕು. ಇಷ್ಟು ಗೊತ್ತಿದ್ದರೆ ಕೊಟ್ಟ ಐದು ರೂಪಾಯಿ ಪೂರ್ತಿ ವಸೂಲಿ.

ಮೇಲಿಂದ ಶುರು ಮಾಡೋಣ. ಪತ್ರಿಕೆಯ ಹೆಸರಿನ ಎರಡೂ ಪಕ್ಕ ಪುಟ್ಟ ಚೌಕಗಳಿರುತ್ತವೆ, ಪತ್ರಿಕೆಯವರು ಅದಕ್ಕೆ ಇಯರ್ ಪ್ಯಾನೆಲ್ ಅನ್ನುತ್ತಾರೆ. ಎಡಗಿವಿಯಲ್ಲಿ ಆಪರೇಷನ್ ಇಲ್ಲದೆ ಮೂಲವ್ಯಾಧಿ ಗುಣ. ಬಲಗಿವಿಯಲ್ಲಿ ವೇಸ್ಟೇಜ್ ಇಲ್ಲದ ಚಿನ್ನ. ಇವೆರಡರ ನಡುವೆ ಪತ್ರಿಕೆಯ ಹೆಸರು, ಕೆಳಗೆ 'ನೇರ, ನಿಷ್ಪಕ್ಷಪಾತ' ಅನ್ನೋ ಥರದ ಒಂದು ಸಾಲು. ಆ ಸಾಲಿಗೆ ಮಾತ್ರ ಯಾರೂ ದುಡ್ಡು ಕೊಟ್ಟಿಲ್ಲ, ಅದಕ್ಕೇ ಅಷ್ಟು ಸಣ್ಣ ಅಕ್ಷರ.

ಇನ್ನು ಲೀಡ್, ಅಂದರೆ ಮುಖಪುಟದ ಮುಖ್ಯ ಸುದ್ದಿ. "ತಾಲ್ಲೂಕಿನ ಸಮಗ್ರ ಅಭಿವೃದ್ಧಿಗೆ ಬದ್ಧ: ಶಾಸಕ". ಈ ಹೆಡ್‌ಲೈನನ್ನು ಕಂಪ್ಯೂಟರಿನಲ್ಲಿ ಒಮ್ಮೆ ಕೂರಿಸಿದವರು ಆಮೇಲೆ ತೆಗೆದೇ ಇಲ್ಲ ಅನ್ನಿಸುತ್ತದೆ, ಶಾಸಕರು ಬದಲಾದಾಗ ಫೋಟೊ ಮಾತ್ರ ಬದಲಾಗುತ್ತದೆ. ಫೋಟೊದಲ್ಲಿ ಭೂಮಿಪೂಜೆ. ಗುದ್ದಲಿಗೆ ಕೈ ಹಾಕಿದವರು ಹದಿನಾಲ್ಕು ಜನ. ಗುದ್ದಲಿಯೂ ಕಾಣುವುದಿಲ್ಲ, ಭೂಮಿಯೂ ಕಾಣುವುದಿಲ್ಲ. ಕೆಳಗೆ ಅಷ್ಟೂ ಜನರ ಹೆಸರು, ಹುದ್ದೆ, ಮಾಜಿ ಹುದ್ದೆ, ಕೊನೆಗೆ 'ಮತ್ತಿತರರು ಇದ್ದರು'. ಅದೇ ರಸ್ತೆಗೆ ಹೋದ ವರ್ಷವೂ ಪೂಜೆ ಆಗಿತ್ತಲ್ವಾ ಅಂತ ಕೇಳುವವರು ಏಳನೇ ಪುಟಕ್ಕೆ ಹೋಗಬೇಕು. ಅಲ್ಲಿ 'ಗುಂಡಿಬಿದ್ದ ರಸ್ತೆ: ಸಾರ್ವಜನಿಕರ ಆಕ್ರೋಶ' ಸಿಂಗಲ್ ಕಾಲಂನಲ್ಲಿ ಮಲಗಿರುತ್ತದೆ. ಈ ಸಾರ್ವಜನಿಕರು ಯಾರು, ಎಷ್ಟು ಜನ, ಯಾಕೆ ಇವರಿಗೆ ಒಬ್ಬರಿಗೂ ಹೆಸರಿಲ್ಲ? ಗುದ್ದಲಿ ಹಿಡಿದವರೆಲ್ಲ ಹೆಸರು ತೆಗೆದುಕೊಂಡು ಹೋದ ಮೇಲೆ ಉಳಿಯೋದಾದರೂ ಏನು!

ಈಗ ಪುಟದ ನಿಜವಾದ ರಾಜಕೀಯ ವರದಿಗೆ ಬರೋಣ, ಅಂದರೆ ಕೆಳಗಿನ ಅರ್ಧ ಪುಟದ ಹುಟ್ಟುಹಬ್ಬದ ಜಾಹೀರಾತು. ಮಧ್ಯದಲ್ಲಿ ಸಾಹೇಬರು, ಬಿಳಿ ಅಂಗಿ, ಎದೆಯ ಮಟ್ಟದಲ್ಲಿ ಮುಗಿದ ಕೈ. ತಲೆಯ ಮೇಲಿನ ಸಾಲಿನಲ್ಲಿ ದೆಹಲಿ, ಬೆಂಗಳೂರಿನ ನಾಯಕರು. ಕೆಳಗೆ ಸ್ಟಾಂಪ್ ಸೈಜಿನಲ್ಲಿ ನಲವತ್ತು ಶುಭ ಕೋರುವವರು, ಅದರಲ್ಲಿ ಅರ್ಧ ಜನ ಕೂಲಿಂಗ್ ಗ್ಲಾಸ್ ಹಾಕಿದ್ದಾರೆ. ಸುಮ್ನೆ ನೋಡಿ ಬಿಡಬೇಡಿ, ಭೂತಗನ್ನಡಿ ಹಿಡಿದು ನೋಡಿ. ಹೋದ ಸಲ ಮೇಲಿನ ಸಾಲಿನಲ್ಲಿದ್ದ ಜಿಲ್ಲಾಧ್ಯಕ್ಷರು ಈ ಸಲ ಸ್ಟಾಂಪ್ ಆಗಿದ್ದಾರಾ? ಬಣ ಬದಲಾಗಿದೆ. ಮಾಜಿ ಸಚಿವರ ಮುಖವೇ ಇಲ್ಲವಾ? ಟಿಕೆಟ್ ಇಲ್ಲ. ಸಾಹೇಬರ ಮಗ ಸ್ಟಾಂಪಿನಿಂದ ಬೆಳೆದು ಪೋಸ್ಟ್‌ಕಾರ್ಡ್ ಆಗಿದ್ದಾನಾ? ಹಾಗಾದರೆ ಮುಂದಿನ ಚುನಾವಣೆಯ ಅಭ್ಯರ್ಥಿ ಘೋಷಣೆ ಆಯಿತು. ಇದೇ ವಿಷಯವನ್ನು ವರದಿಗಾರರು ಬರೆದರೆ 'ಪಕ್ಷದಲ್ಲಿ ಭಿನ್ನಮತ ಸ್ಫೋಟ?' ಅಂತ ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಜಾರಿಕೊಳ್ಳುತ್ತಾರೆ. ಜಾಹೀರಾತಿನಲ್ಲಿ ಆ ಚಿಹ್ನೆ ಇಲ್ಲ, ಅಳತೆ ಇದೆ. ಪ್ರೆಸ್ಸಿನಲ್ಲಿ ನಾಲ್ಕು ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರದ ದಿನ ಮಾತ್ರ ಸ್ವಲ್ಪ ಗೊಂದಲ. ಅವತ್ತು ಸಾಹೇಬರಿಗೆ ಎರಡು ಮೀಸೆ, ಒಂದು ಕಪ್ಪು, ಅದಕ್ಕೆ ಅಂಟಿಕೊಂಡೇ ಇನ್ನೊಂದು ಗುಲಾಬಿ.

ಸರ್ಕಾರಿ ಜಾಹೀರಾತಿಗಾದರೂ ಮುಖಗಳು ಕಮ್ಮಿ ಇರಲಿ ಅಂತ ಸುಪ್ರೀಂ ಕೋರ್ಟ್ ಒಮ್ಮೆ ನೋಡಿತು. ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿ, ಇವರನ್ನು ಬಿಟ್ಟು ಬೇರೆಯವರ ಫೋಟೊ ಬೇಡ ಅಂತ 2015ರ ಮೇ ತಿಂಗಳಲ್ಲಿ ಹೇಳಿತು. ಕೇಂದ್ರವೂ ಕೆಲವು ರಾಜ್ಯಗಳೂ ಮರುಪರಿಶೀಲನೆ ಕೇಳಿದವು. ನದಿ ನೀರಿನ ವಿಷಯದಲ್ಲಿ ನಾವೆಂದೂ ಕಾಣದ ಒಗ್ಗಟ್ಟು! 2016ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿ, ರಾಜ್ಯಪಾಲರು, ಸಚಿವರು ಎಲ್ಲರೂ ವಾಪಸ್ ಬಂದರು, ನಗುತ್ತಾ.

ಜಾಹೀರಾತೇ ಸುದ್ದಿ ಅನ್ನೋದು ಜಾಸ್ತಿ ಆಯ್ತು ಅನ್ನುವವರು ಪಕ್ಕದ ಕೇರಳವನ್ನು ನೋಡಿ. 2025ರ ಜನವರಿ 24ರಂದು ಅಲ್ಲಿನ ಹಲವು ಮಲಯಾಳಂ ಪತ್ರಿಕೆಗಳ ಮೊದಲ ಪುಟದಲ್ಲಿ, ಫೆಬ್ರವರಿ 1ರಿಂದ ನೋಟು ಇಲ್ಲ, ಇನ್ನೆಲ್ಲಾ ಡಿಜಿಟಲ್ ಅಂತ ದೊಡ್ಡ ಹೆಡ್‌ಲೈನ್. 2016ರ ನವೆಂಬರ್‌ನಲ್ಲಿ ಬ್ಯಾಂಕಿನ ಮುಂದೆ ಕ್ಯೂ ನಿಂತವರ ಎದೆ ಏನಾಗಿರಬೇಡ. ಒಂದು ಟೀವಿ ಚಾನೆಲ್ ಅದನ್ನು ಸುದ್ದಿ ಅಂತಲೇ ಓದಿತು. ನೋಡಿದರೆ ಅದು 2050ರ ಪತ್ರಿಕೆ ಹೇಗಿರಬಹುದು ಅನ್ನೋ ಕಲ್ಪನೆ, ಒಂದು ವಿಶ್ವವಿದ್ಯಾಲಯದ ಸಮಾವೇಶದ ಜಾಹೀರಾತು. ನೋಟು ಹೋಗುತ್ತದೆ ಅನ್ನೋದನ್ನು ಬೇಕಾದರೆ ನಂಬಬಹುದು. 2050ರಲ್ಲಿ ಮುಖಪುಟದಲ್ಲಿ ಸುದ್ದಿ ಇರುತ್ತದೆ ಅನ್ನೋದನ್ನು ಹೇಗೆ ನಂಬೋದು?

ಪತ್ರಿಕೆಯವರನ್ನು ಬೈದು ಪ್ರಯೋಜನವಿಲ್ಲ ಬಿಡಿ. ಪ್ರತಿ ಪತ್ರಿಕೆಯಲ್ಲೂ ಮುದ್ರಕರು ಯಾರು, ಪ್ರಕಾಶಕರು ಯಾರು ಅಂತ ಅಚ್ಚು ಹಾಕಲೇಬೇಕು ಅಂತ 1867ರಲ್ಲೇ ಕಾಯ್ದೆ ಮಾಡಿದರು. ಮುಖಪುಟದಲ್ಲಿ ಸುದ್ದಿ ಇರಲೇಬೇಕು ಅಂತ ಬರೆಯೋದು ಬ್ರಿಟಿಷರಿಗೂ ಹೊಳೆಯಲಿಲ್ಲ. ಐದು ರೂಪಾಯಿಗೆ ಕಾಗದದ ಖರ್ಚೂ ಗಿಟ್ಟುವುದಿಲ್ಲ ಅನ್ನೋದೂ ನಿಜ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಜರ್ಮನ್ ಪಾದ್ರಿ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ನೆನಪಿಗೆ ನಾವು ಆ ದಿನವನ್ನು ಪತ್ರಿಕಾ ದಿನ ಅಂತ ಆಚರಿಸುತ್ತೇವೆ. ಅವತ್ತಿನ ಮುಖಪುಟದಲ್ಲಿ ಏನಿರುತ್ತದೆ ಹೇಳಿ? ಪತ್ರಕರ್ತರಿಗೆ ಶುಭ ಕೋರುವ ಸಾಹೇಬರು, ಅದೇ ಅಂಗಿ, ಅದೇ ಮುಗಿದ ಕೈ.

ಅಂದ ಹಾಗೆ, ಫೀಡರ್ ದುರಸ್ತಿ ಇರೋದರಿಂದ ನಾಳೆ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಕರೆಂಟ್ ಇರುವುದಿಲ್ಲವಂತೆ. ಐದನೇ ಪುಟ, ಎಡಗಡೆ ಕೆಳಗೆ, ಶ್ರದ್ಧಾಂಜಲಿಗಳ ಪಕ್ಕ, ನಾಲ್ಕು ಸಾಲು. ಇಡ್ಲಿ ಹಿಟ್ಟು ಇವತ್ತು ರಾತ್ರಿಯೇ ರುಬ್ಬಿಕೊಂಡುಬಿಡಿ.