ವ್ಯಾನಿಗೆ ಜಾಗ ಉಂಟು, ಒಳಗಿರುವವರಿಗಿಲ್ಲ

ರಾತ್ರಿಯನ್ನು ನೆಮ್ಮದಿಯಾಗಿ ಕಳೆಯಬೇಕು ಅಂದರೆ ಖಾಲಿ ವ್ಯಾನಾಗಿ ಹುಟ್ಟಬೇಕು. ಲಾಸ್ ಏಂಜಲೀಸ್‌ನಲ್ಲಿ ಬೇರೆ ಬೋರ್ಡು ಇಲ್ಲದ ಕಡೆ ಒಂದು ಗಾಡಿ 72 ಗಂಟೆ ನಿಂತಲ್ಲೇ ನಿಂತಿರಬಹುದು. ಮೂರು ರಾತ್ರಿ! ಯಾರೂ ಗಾಜು ತಟ್ಟಿ 'ಏನು ವಿಷಯ?' ಅಂತ ಕೇಳುವುದಿಲ್ಲ. ಅದೇ ಗಾಡಿಯನ್ನು ಮನೆ ಮಾಡಿಕೊಂಡ ಒಬ್ಬ ಮನುಷ್ಯ ಒಳಗೆ ಕಾಲು ಚಾಚಲಿ, ಆಗ ನೋಡಿ. ಬೀದಿ ಇಕ್ಕಟ್ಟಾಗುತ್ತದೆ, ಮನೆಗಳ ಬೆಲೆ ಬೀಳುತ್ತದೆ, ಊರಿನ ಮಾನ ಹೋಗುತ್ತದೆ. ಗಾಡಿ ಮಾತ್ರ ಒಂದಿಂಚೂ ಕದಲಿರುವುದಿಲ್ಲ.

ಆ ನಗರ 1983ರಲ್ಲೇ ಒಂದು ನಿಯಮ ಮಾಡಿತ್ತು. ಬೀದಿಯಲ್ಲಿ ನಿಲ್ಲಿಸಿದ ವಾಹನದಲ್ಲಿ ವಾಸ ಮಾಡಕೂಡದು. ಏನು ಮಾಡಿದರೆ ವಾಸ, ಎಷ್ಟು ಮಾಡಿದರೆ ವಾಸ, ಅದನ್ನು ಬರೆಯಲಿಲ್ಲ. 2014ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು ಇದನ್ನೇ ಕೇಳಿತು. ಕಾರಿನಲ್ಲಿ ಊಟ ಮಾಡುವುದು ತಪ್ಪಾ? ಡಬ್ಬಿ ಆಹಾರ ಇಟ್ಟುಕೊಳ್ಳುವುದು? ಪುಸ್ತಕ? ಮಳೆ ಬಂತು ಅಂತ ಒಳಗೆ ಕೂತಿರುವುದು? ಕೇಸು ಹಾಕಿದ ಮನುಷ್ಯರನ್ನು ಪೊಲೀಸರು ಹಿಡಿದಾಗ ಅವರು ಇಂಥದ್ದೇ ಘೋರ ಕೃತ್ಯಗಳಲ್ಲಿ ತೊಡಗಿದ್ದರಂತೆ. ನಿಯಮ ತೀರಾ ಅಸ್ಪಷ್ಟ ಅಂತ ಕೋರ್ಟು ಅದನ್ನು ತೆಗೆದುಹಾಕಿತು.

ನಗರಕ್ಕೆ ಬುದ್ಧಿ ಬಂತು. 2017ಕ್ಕೆ ಸ್ಪಷ್ಟವಾದ ನಿಯಮ ಜಾರಿಯಾಯಿತು. ಮನೆಗಳಿರುವ ಬೀದಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನದಲ್ಲಿ ವಾಸ ಇಲ್ಲ ಅಂತ ಅದು ಹೇಳಿತ್ತು. ಮಲಗಲು ಇಷ್ಟವಿದ್ದವರು ದಯವಿಟ್ಟು ಮಧ್ಯಾಹ್ನ ಬನ್ನಿ! ಅದೂ ಶಾಲೆ, ಪಾರ್ಕು, ಶಿಶುವಿಹಾರದ ಒಂದು ಬ್ಲಾಕ್ ಆಚೆಗೆ. ಉಳಿದದ್ದು ಅಂಗಡಿ, ಗೋದಾಮು, ಕಾರ್ಖಾನೆಗಳ ಬೀದಿ. ಅಂದರೆ ಕತ್ತಲಾದ ಮೇಲೆ ಯಾರೂ ಇರದ ಜಾಗ.

ವ್ಯಾನಿನಲ್ಲಿ ಬದುಕುವವರ ದೊಡ್ಡ ಪೇಚಾಟ ಇರುವುದು ಇಲ್ಲೇ. ದೀಪ ಇದೆ, ಜನ ಓಡಾಡುತ್ತಾರೆ, ಕಿರುಚಿದರೆ ಯಾರಿಗಾದರೂ ಕೇಳಿಸುತ್ತದೆ ಅನ್ನುವ ಬೀದಿಯಲ್ಲಿ ಕಳ್ಳರ ಭಯ ಕಡಿಮೆ. ಆದರೆ ಅಲ್ಲಿ ಕಿಟಕಿ ಪರದೆ ಸರಿಸಿ ನೋಡುವವರು ಜಾಸ್ತಿ. ಪೊಲೀಸರಿಗೆ ಫೋನು ಹೋಗುತ್ತದೆ. ದೂರು ಕೊಡುವವರಿಲ್ಲದ ಕಡೆ ನಿಲ್ಲಿಸೋಣ ಅಂದರೆ ಅಲ್ಲಿ ಬೀಗ ಮುರಿಯುವವರಿಗೂ ಅದೇ ಅನುಕೂಲ. ಒಂಟಿ ಹೆಂಗಸಾದರೆ ಈ ಲೆಕ್ಕ ಇನ್ನೂ ಕಷ್ಟ. ಕಾಯುವ ಕಣ್ಣು, ದೂರುವ ಕಣ್ಣು ಎರಡೂ ಒಂದೇ ಮುಖದಲ್ಲಿವೆ.

ಹಾಗಾಗಿ ಇವರು ಒಂದು ವಿದ್ಯೆ ಕಲಿತಿದ್ದಾರೆ. ಇರುವುದು, ಆದರೆ ಇಲ್ಲದಂತೆ ಇರುವುದು. ಅಡುಗೆ, ಊಟ, ಹಲ್ಲುಜ್ಜುವುದು ಎಲ್ಲ ಬೇರೆ ಕಡೆ ಮುಗಿಸಿಕೊಂಡು ಕತ್ತಲಾದ ಮೇಲೆ ಬರಬೇಕು. ಬಂದಮೇಲೆ ಬಾಗಿಲು ತೆಗೆಯಬಾರದು. ಕಿಟಕಿಗೆ ಕಪ್ಪು ಪರದೆ. ಒಳಗೆ ದೀಪ ಬೇಡ, ಓಡಾಟ ಬೇಡ, ಗಾಡಿ ಅಲುಗಾಡುತ್ತದೆ. ಡ್ರೈವರ್ ಸೀಟಿನ ಮೇಲೆ ಏನೂ ಇಡಬಾರದು, ಓಡಬೇಕಾದರೆ ಬೇಕು. ಬೆಳಗಾಗುವ ಮೊದಲು ಜಾಗ ಖಾಲಿ. ನಾಳೆ ಇನ್ನೊಂದು ಬೀದಿ. ಇಷ್ಟೆಲ್ಲ ಮಾಡಿದರೂ ಕೊನೆಗೆ ಚಾಡಿ ಹೇಳುವುದು ಅವರದೇ ಉಸಿರು! ಚಳಿಯ ರಾತ್ರಿ ಗಾಜಿನ ಒಳಗೆಲ್ಲ ತೇವ ಕಟ್ಟಿರುತ್ತದೆ. ಖಾಲಿ ಗಾಡಿ ಬೆವರುವುದಿಲ್ಲವಲ್ಲ. ಬ್ಯಾಂಕು ದೋಚುವವರೂ ಇಷ್ಟು ತಯಾರಿ ಮಾಡಿಕೊಳ್ಳುತ್ತಾರೋ ಇಲ್ಲವೋ. ಇವರು ದೋಚುತ್ತಿರುವುದು ಏಳು ಗಂಟೆ ನಿದ್ದೆ.

ಇದು ಬರೀ ಒಂದು ಊರಿನ ಹುಚ್ಚಲ್ಲ. ಒರೆಗಾನ್ ರಾಜ್ಯದ ಗ್ರಾಂಟ್ಸ್ ಪಾಸ್ ಅನ್ನುವ ಊರಲ್ಲಿ ಸಾರ್ವಜನಿಕ ಜಾಗದಲ್ಲಿ ಹಾಸಿಗೆ ಹೊದಿಕೆ ಹರಡಿ ಬಿಡಾರ ಹೂಡಿದರೆ 295 ಡಾಲರ್ ದಂಡವಿತ್ತು. ಕಟ್ಟದಿದ್ದರೆ ಅದು 537 ಡಾಲರ್ 60 ಸೆಂಟ್ ಆಗುತ್ತಿತ್ತು. ಮನೆ ಬಾಡಿಗೆ ಕೊಡಲಾಗದವರ ಹತ್ತಿರ ಆ ಅರವತ್ತು ಸೆಂಟೂ ಬಿಡದ ಶಿಸ್ತು ನೋಡಿ! ವಾಹನದೊಳಗಿನ ಬಿಡಾರವೂ ಆ ನಿಯಮದಲ್ಲಿ ಸೇರಿತ್ತು. 2024ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 6–3 ಬಹುಮತದಿಂದ, ಇಂಥ ನಿಯಮ ಜಾರಿ ಮಾಡುವುದು ಕ್ರೂರ ಶಿಕ್ಷೆಯಲ್ಲ ಅಂದಿತು. ಮನೆಯಿಲ್ಲದವರೇ ಆಗಲಿ, ರಜೆಗೆ ಬಂದ ಪ್ರವಾಸಿಯೇ ಆಗಲಿ, ಹಾಸ್ಟೆಲ್ ಬಿಟ್ಟು ಧರಣಿ ಕೂತ ವಿದ್ಯಾರ್ಥಿಯೇ ಆಗಲಿ, ನಿಯಮ ಎಲ್ಲರಿಗೂ ಒಂದೇ ಅನ್ನುವ ಮಾತೂ ತೀರ್ಪಿನಲ್ಲಿದೆ. ಪ್ರವಾಸಿ ಬೇಸರ ಮಾಡಿಕೊಂಡು ಹೋಟೆಲಿಗೆ ಹೋಗುತ್ತಾನೆ. ವಿದ್ಯಾರ್ಥಿ ಹಾಸ್ಟೆಲಿಗೆ ವಾಪಸ್. ಸಮಾನತೆ ಅಂದರೆ ಹೀಗಿರಬೇಕು.

ಜರ್ಮನಿಯವರು ಇಷ್ಟು ಒರಟಲ್ಲ. ಗಾಡಿ ಓಡಿಸಿ ಸುಸ್ತಾಗಿದ್ದರೆ, ಮತ್ತೆ ಓಡಿಸುವಷ್ಟು ಶಕ್ತಿ ಬರಲಿ ಅಂತ ನಿಲ್ಲಿಸಿದಲ್ಲೇ ರಾತ್ರಿ ನಿದ್ದೆ ಮಾಡಬಹುದು. ನಿದ್ದೆಗೆ ಸರಿಯಾದ ಕಾರಣ ಇರಬೇಕು, ಅಷ್ಟೆ. ಸುಮ್ನೆ ರಾತ್ರಿಯಾಯಿತು ಅಂತ ಮಲಗುವ ಹಾಗಿಲ್ಲ. ಹೊರಗೆ ಒಂದು ಕುರ್ಚಿ ಹಾಕಿದಿರೋ, ಅದು ಕ್ಯಾಂಪಿಂಗ್. ಸುಸ್ತಾದವರು ಕುರ್ಚಿಯಲ್ಲಿ ಕೂರುವುದಿಲ್ಲ ಅನ್ನುವುದು ಅಲ್ಲಿನ ನಂಬಿಕೆ ಇರಬೇಕು.

ನ್ಯೂಜಿಲೆಂಡ್‌ಗೆ ಕಾಳಜಿ ಬೇರೆ ಕಡೆ. ಅಲ್ಲಿ ಸ್ಥಳೀಯ ಆಡಳಿತದ ಎಷ್ಟೋ ಜಾಗಗಳಲ್ಲಿ ವ್ಯಾನು ನಿಲ್ಲಿಸಿ ರಾತ್ರಿ ತಂಗಲು ವಾಹನಕ್ಕೆ ಪ್ರಮಾಣಪತ್ರ ಬೇಕು. 2023ರ ಕಾನೂನಿನ ಪ್ರಕಾರ ಪ್ರಮಾಣಪತ್ರಕ್ಕೆ ವಾಹನದಲ್ಲಿ ಕದಲಿಸಲಾಗದ ಟಾಯ್ಲೆಟ್ ಇರಬೇಕು. ಹಾಸಿಗೆ ಹಾಸಿದ್ದಾಗಲೂ ಅದನ್ನು ಬಳಸಲು ಬರಬೇಕು, ಕೂತಾಗ ತಲೆಗೆ, ಮೊಣಕೈಗೆ ಜಾಗ ಸಾಲಬೇಕು. ಯಾವುದೋ ಕಚೇರಿಯಲ್ಲಿ ಒಬ್ಬ ಅಧಿಕಾರಿ ಗಂಭೀರವಾಗಿ ಕೂತು ಮೊಣಕೈ ಆಡಿಸಿ ನೋಡಿರಬೇಕು ಅನ್ನುವ ಕಲ್ಪನೆಯೇ ನನಗೆ ಖುಷಿ ಕೊಡುತ್ತದೆ. ಒಂದು ಮಾತು ಹೇಳಲೇಬೇಕು, ಬೇರೆ ಮನೆಯೇ ಇಲ್ಲದವರನ್ನು ಅದೇ ಕಾನೂನು ಈ ನಿಯಮದಿಂದ ಹೊರಗಿಟ್ಟಿದೆ. ಬೇರೆಯವರು ಕಲಿಯಬಹುದು, ಆದರೆ ಎಲ್ಲರ ಕಣ್ಣು ಟಾಯ್ಲೆಟ್ ಮೇಲೇ.

ಬ್ರಿಟನ್ನಿನ ಮೋಟಾರ್‌ವೇ ಉದ್ದಕ್ಕೂ ಕಾಳಜಿಯ ಬೋರ್ಡು: 'ಆಯಾಸ ಕೊಲ್ಲಬಹುದು, ವಿಶ್ರಾಂತಿ ಪಡೆಯಿರಿ'. ವಿಶ್ರಾಂತಿಗೆ ಅಂತ ಪಕ್ಕದ ತಂಗುದಾಣದೊಳಗೆ ಹೋದರೆ ಎರಡು ಗಂಟೆ ಪಾರ್ಕಿಂಗ್ ಉಚಿತ. ಆಮೇಲೆ ದುಡ್ಡು. ಫ್ಲೋರಿಡಾದ ಹೆದ್ದಾರಿ ತಂಗುದಾಣದಲ್ಲಿ ಸಾಮಾನ್ಯ ಜನರಿಗೆ ಮೂರು ಗಂಟೆ, ಕ್ಯಾಲಿಫೋರ್ನಿಯಾದಲ್ಲಿ ಎಂಟು. ಒಂದೇ ದೇಶದ ಮನುಷ್ಯ ಒಂದು ತುದಿಯಲ್ಲಿ ಮೂರು ಗಂಟೆಗೇ ಲವಲವಿಕೆಯಿಂದ ಏಳುತ್ತಾನೆ, ಇನ್ನೊಂದು ತುದಿಯಲ್ಲಿ ಎಂಟು ಗಂಟೆ ಗೊರಕೆ ಹೊಡೆಯುತ್ತಾನೆ. ಹವೆಯ ಪರಿಣಾಮ ಇರಬಹುದು.

ಒಳ್ಳೆಯವರೂ ಇದ್ದಾರೆ. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಊರಿನಲ್ಲಿ 2004ರಿಂದ ಒಂದು ವ್ಯವಸ್ಥೆ ನಡೆಯುತ್ತಿದೆ. ರಾತ್ರಿ ಖಾಲಿ ಬೀಳುವ ಪಾರ್ಕಿಂಗ್ ಜಾಗಗಳಲ್ಲಿ ವಾಹನವಾಸಿಗಳಿಗೆ ಅನುಮತಿ ಕೊಟ್ಟು ಮಲಗಲು ಬಿಡುವುದು. ಎಷ್ಟು ಸರಳ! ಕತ್ತಲಾದರೆ ಜಾಗ ಖಾಲಿ ಇರುತ್ತದೆ, ಕತ್ತಲಾದರೆ ಜನಕ್ಕೆ ಜಾಗ ಬೇಕು. ಬೇರೆ ಊರುಗಳೂ ಇದನ್ನು ಕಲಿತವು. ಆದರೆ ಹೊಸ ಜಾಗ ಹುಡುಕಲು ಸಭೆ ಕರೆದರೆ ಸಾಕು, ಎಲ್ಲರೂ ಒಂದೇ ಮಾತು: 'ಯೋಜನೆ ತುಂಬಾ ಚೆನ್ನಾಗಿದೆ. ಪಾಪ, ಅವರಿಗೂ ಬೇಕಲ್ವಾ? ಪಕ್ಕದ ಬಡಾವಣೆಯಲ್ಲಿ ಮಾಡಿ.' ಪಕ್ಕದ ಬಡಾವಣೆಯವರೂ ಅಷ್ಟೇ ಕರುಣಾಳುಗಳು.

ನನ್ನದೊಂದು ಸಲಹೆ ಇದೆ. ಎಲ್ಲ ಸರ್ಕಾರಗಳೂ ಗಾಡಿಯನ್ನು ಗೌರವಿಸುತ್ತವೆ, ಅದರ ಬಿಡಿಭಾಗಗಳನ್ನೂ ಗೌರವಿಸುತ್ತವೆ. ಸ್ಟೆಪ್ನಿ ರಾತ್ರಿಯಿಡೀ ಗಾಡಿಯೊಳಗೇ ಮಲಗಿರುತ್ತದೆ. ಅದಕ್ಕೆ ಟಾಯ್ಲೆಟ್ ಇದೆಯಾ ಅಂತ ಯಾರೂ ಕೇಳಿಲ್ಲ, ಅದು ಸುಸ್ತಾಗಿದೆಯೇ ಅಂತ ಪರೀಕ್ಷೆ ಮಾಡಿಲ್ಲ. ಆದ್ದರಿಂದ ವ್ಯಾನಿನಲ್ಲಿ ಬದುಕುವವರನ್ನು ಆಯಾ ವ್ಯಾನಿನ ಸ್ಟೆಪ್ನಿ ಅಂತ ನೋಂದಾಯಿಸಿಬಿಡಲಿ. ವರ್ಷಕ್ಕೊಮ್ಮೆ ತಪಾಸಣೆ ಮಾಡಲಿ, ಗಾಳಿ ಸರಿಯಾಗಿದೆಯಾ ನೋಡಲಿ, ಶುಲ್ಕವನ್ನೂ ತೆಗೆದುಕೊಳ್ಳಲಿ. ನಡುರಾತ್ರಿ ಯಾರಾದರೂ ಗಾಜು ತಟ್ಟಿದರೆ ಒಳಗಿಂದಲೇ ಪ್ರಮಾಣಪತ್ರ ತೋರಿಸಿ ಮಗ್ಗುಲು ಬದಲಿಸಬಹುದು. ಒಂದೇ ತೊಡಕು. ಗಾಡಿಗೊಂದು ಸ್ಟೆಪ್ನಿ ಸಾಕು, ಸಂಸಾರಸ್ಥರಿಗೆ ಎರಡನೆಯದು ಯಾಕೆ ಅಂತ ಕೇಳುವ ಅಧಿಕಾರಿ ಬಂದೇ ಬರುತ್ತಾನೆ.