ಶಿಶುಪಾಲನೆಗೆ ಪ್ರೀತಿಯೊಂದೇ ಸಾಕೇ? ಇಲ್ಲಿದೆ ಸತ್ಯಾಂಶ

‘ಸ್ವಂತ ಮಕ್ಕಳನ್ನು ಸಾಕಿದವರಿಗೆ ಶಿಶುಪಾಲನಾ ಕೇಂದ್ರದಲ್ಲಿ ದುಡಿಯಲು ಯಾವ ತರಬೇತಿಯೂ ಬೇಕಿಲ್ಲ, ಪ್ರೀತಿಯೊಂದಿದ್ದರೆ ಸಾಕು’ ಎಂಬ ಸಂದೇಶವೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಪ್ರೀತಿ ಬೇಕೆಂಬುದು ನಿಜ. ಅದೊಂದೇ ಸಾಕೆಂಬುದು ತಪ್ಪು.

ಕೂಸನ್ನು ಮಲಗಿಸುವ ಭಂಗಿಯನ್ನೇ ನೋಡಿ. ಬೋರಲು ಮಲಗಿಸಿದರೆ ಒಳ್ಳೆಯ ನಿದ್ದೆ ಬರುತ್ತದೆಂದು ಅಕ್ಕರೆಯಿಂದಲೇ ಹಾಗೆ ಮಾಡುತ್ತಿದ್ದವರು ಬಹಳ ಮಂದಿ. ಆದರೆ ಅದರಿಂದ ನಿದ್ದೆಯಲ್ಲೇ ಹಠಾತ್ ಸಾವಿನ ಅಪಾಯ ಹೆಚ್ಚುತ್ತದೆಂದು ಅಧ್ಯಯನಗಳು ತೋರಿಸಿದ್ದರಿಂದ, ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 1992ರಲ್ಲಿ ಹಾಗೆ ಮಲಗಿಸಬಾರದೆಂದು ಸಲಹೆ ನೀಡಿತು. ಮುಂದಿನ ಸುಮಾರು ಒಂದು ದಶಕದಲ್ಲಿ ಅಲ್ಲಿ ಇಂಥ ಸಾವುಗಳು ಹೆಚ್ಚುಕಡಿಮೆ ಅರ್ಧಕ್ಕಿಳಿದವು. ಅಂಗಾತ ಮಲಗಿಸಬೇಕೆಂಬುದು ಈಗಿನ ಸಲಹೆ. ಇದನ್ನು ಪ್ರೀತಿ ತಾನಾಗಿ ಕಲಿಸುವುದಿಲ್ಲ.

ಹಾಗೆಂದು ಒಂದು ದಿನದ ಕಾರ್ಯಾಗಾರ ಮುಗಿಸಿ ಪ್ರಮಾಣಪತ್ರ ಪಡೆದರೆ ಆಯಿತೆಂದೂ ಅಲ್ಲ (ಅವುಗಳಲ್ಲಿ ಅನೇಕವು ಗೋಡೆಯನ್ನಷ್ಟೇ ಅಲಂಕರಿಸುತ್ತವೆ). ಅನುಭವಿ ಮಾರ್ಗದರ್ಶಕರು ಕೊಠಡಿಯಲ್ಲೇ ಕುಳಿತು ಗಮನಿಸಿ, ಆಮೇಲೆ ಚರ್ಚಿಸುವ ಕ್ರಮ ಹೆಚ್ಚು ಫಲಕಾರಿ. ಚಿತ್ರಪುಸ್ತಕ ತೋರಿಸುತ್ತ ‘ಇದೇನು?’ ಎಂದು ಕೇಳಿದ ಶಿಕ್ಷಕಿ, ಮಗು ಬಾಯಿ ತೆರೆಯುವ ಮೊದಲೇ ಉತ್ತರವನ್ನೂ ತಾವೇ ಹೇಳಿಬಿಡುವುದು ಅವರ ಅರಿವಿಗೆ ಬಂದಿರುವುದಿಲ್ಲ; ಯಾರಾದರೂ ಅದನ್ನು ತೋರಿಸಿಕೊಟ್ಟರೆ, ಮರುದಿನ ಅವರು ಕೆಲವು ಕ್ಷಣ ಕಾಯುತ್ತಾರೆ, ಮಾತಾಡುವ ಸರದಿ ಮಗುವಿಗೂ ಸಿಗುತ್ತದೆ.