ಕ್ವೆರ್ಸೆಟಿನ್ ಗುಳಿಗೆ ತರುವ ಮೊದಲು ಸೀನು ಯಾವುದರದು ನೋಡ್ರಿ

ಮಳೆ ಬಿದ್ದು ಕಾಂಗ್ರೆಸ್ ಕಸ ಹೂ ಬಿಟ್ಟರೆ ಹುಬ್ಬಳ್ಳಿ-ಧಾರವಾಡದಲ್ಲಿ ಎಷ್ಟೋ ಮಂದಿಗೆ ಸೀನು, ಕಣ್ಣು ತುರಿಕೆ ಶುರು. ಅದಕ್ಕೆ ಉಳ್ಳಾಗಡ್ಡಿಯಂಥವುಗಳಲ್ಲಿರುವ ಕ್ವೆರ್ಸೆಟಿನ್ ಅನ್ನೋ ಸಸ್ಯವಸ್ತುವಿನ ಗುಳಿಗೆ ತಗೊಂಡು ಎರಡು ದಿನಕ್ಕೇ ‘ಏನೂ ಆಗಲಿಲ್ಲ’ ಅಂತ ಬಿಡುವವರಿದ್ದಾರೆ. ಆಗುವುದಿಲ್ಲ. ಪರಾಗ ಮೂಗಿಗೆ ಹೋದಾಗ ದೇಹದ ರಕ್ಷಣೆಯ ಮಾಸ್ಟ್ ಕೋಶಗಳು ಸೀನು-ತುರಿಕೆ ತರುವ ಹಿಸ್ಟಮಿನ್ ಚೆಲ್ಲುತ್ತವೆ. ಪ್ರಯೋಗಾಲಯದಲ್ಲಿ ಕ್ವೆರ್ಸೆಟಿನ್ ಹಿಡಿದಿಡುವುದು ಈ ಚೆಲ್ಲುವಿಕೆಯನ್ನು. ಚೆಲ್ಲಿಹೋದ ಮೇಲೆ ಕೆಲಸಕ್ಕೆ ಬರುವುದು ಹಿಸ್ಟಮಿನ್‌ನ ಕೆಲಸ ತಡೆಯುವ ಸೆಟ್ರಿಜಿನ್‌ನಂಥ ಗುಳಿಗೆ. ಹಂಗಾಗಿ ತಗೊಳ್ಳುವುದಾದರೆ ಹೂ ಬಿಡುವ ಮೂರ್ನಾಲ್ಕು ವಾರ ಮೊದಲೇ ತಗೊಳ್ರಿ. ಮನುಷ್ಯರ ಮೇಲೆ ನಡೆದ ಪರೀಕ್ಷೆಗಳು ಸಣ್ಣವು, ಭಾರೀ ನಿರೀಕ್ಷೆ ಬೇಡ.

ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ಘಾಟಿಗೆ ಬರುವ ಸೀನು ಅಲರ್ಜಿಯೇ ಅಲ್ಲ. ಅದರ ಖಾರದ ವಸ್ತು ಕ್ಯಾಪ್ಸೈಸಿನ್ ನೇರವಾಗಿ ನರವನ್ನೇ ಕೆರಳಿಸುತ್ತದೆ; ಅಲ್ಲಿ ಮೂಗಿಗೆ ಕಟ್ಟಿದ ಬಟ್ಟೆಯೇ ಮೇಲು. ಕಾಂಗ್ರೆಸ್ ಕಸ ಕಿತ್ತವರಿಗೆ ಒಂದೆರಡು ದಿನ ಬಿಟ್ಟು ಏಳುವ ಚರ್ಮದ ಉರಿಯೂತವೂ ಮುಖ್ಯವಾಗಿ ಹಿಸ್ಟಮಿನ್‌ದಲ್ಲ, ಟಿ-ಕೋಶಗಳೆಂಬ ಬೇರೆ ರಕ್ಷಣಾ ಕೋಶಗಳ ಕೆಲಸ. ಅದಕ್ಕೆ ಚರ್ಮರೋಗ ವೈದ್ಯರನ್ನೇ ಕಾಣಬೇಕು.

ಡಬ್ಬಿಯ ಹಿಂಬದಿ ಓದ್ರಿ. ‘ಡೈಹೈಡ್ರೇಟ್ 500 ಮಿ.ಗ್ರಾಂ’ ಅಂತಿದ್ದರೆ ಅದರಲ್ಲಿ ನೀರಿನ ತೂಕ ಕಳೆದು ಉಳಿಯುವ ಕ್ವೆರ್ಸೆಟಿನ್ ಸುಮಾರು 447 ಮಿ.ಗ್ರಾಂ. ಇದು ನೀರಿನಲ್ಲಿ ಕರಗುವುದೇ ಕಡಿಮೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಎಣ್ಣೆ-ತುಪ್ಪ ಇರುವ ಊಟದ ಜೊತೆ ತಗೊಳ್ರಿ. ಲೆಸಿಥಿನ್ ಅನ್ನೋ ಕೊಬ್ಬಿನಂಥ ವಸ್ತುವಿನ ಜೊತೆ ಸೇರಿಸಿದ ‘ಫೈಟೋಸೋಮ್’ ರೂಪವನ್ನು ದೇಹ ಹೆಚ್ಚು ಹೀರಿಕೊಳ್ಳುತ್ತದೆ, ಅದಕ್ಕೇ ಅದರ ಮಿ.ಗ್ರಾಂ ಅನ್ನು ಸಾದಾ ಗುಳಿಗೆಯದಕ್ಕೆ ಹೋಲಿಸಬಾರದು. ಸಾದಾದ್ದಾದರೆ ದೊಡ್ಡವರಿಗೆ ಸಾಮಾನ್ಯವಾಗಿ 500 ಮಿ.ಗ್ರಾಂ, ದಿನಕ್ಕೆ ಎರಡು ಸಲ. ದಿನಕ್ಕೆ 1000 ಮಿ.ಗ್ರಾಂ ಮೀರುವುದು, 12 ವಾರ ದಾಟಿ ಎಳೆಯುವುದು ನನಗೆ ಒಪ್ಪಿಗೆಯಿಲ್ಲ. ಅನಾನಸಿನ ಬ್ರೊಮಿಲೈನ್ ಅನ್ನೋ ಕಿಣ್ವ ಸೇರಿಸಿದ ಡಬ್ಬಿಯೂ ಉಂಟು. ರಕ್ತ ತೆಳುವಾಗಿಸುವ ವಾರ್ಫರಿನ್ ನುಂಗುವವರು ಅದನ್ನು ಮುಟ್ಟಬ್ಯಾಡ್ರಿ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಸೈಕ್ಲೋಸ್ಪೋರಿನ್ ತಗೊಳ್ಳುವವರು, ಕಿಡ್ನಿ ತೊಂದರೆ ಇರುವವರು, ಬಸುರಿಯರು ವೈದ್ಯರನ್ನು ಕೇಳದೆ ಯಾವ ಕ್ವೆರ್ಸೆಟಿನ್ನೂ ತಗೊಳ್ಳಬಾರದು. ದಮ್ಮಿನ ಇನ್‌ಹೇಲರ್ ಬಿಟ್ಟು ಇದನ್ನು ನಂಬುವುದಂತೂ ಜೀವಕ್ಕೇ ಅಪಾಯ. ತುಟಿ-ನಾಲಿಗೆ ಬಾತು ಉಸಿರು ಕಟ್ಟಿದರೆ ಬೇಕಾದದ್ದು ಅಡ್ರಿನಲಿನ್ ಇಂಜೆಕ್ಷನ್, ಸೀದಾ ಆಸ್ಪತ್ರೆಗೆ ಓಡ್ರಿ.

ಗದಗ ಕಡೆಯ ಉಳ್ಳಾಗಡ್ಡಿಯಲ್ಲೇ ಇದೆಯಲ್ಲ ಅನ್ನುವವರಿಗೂ ಒಂದು ಮಾತು. ಇದೆ, ಆದರೆ ಒಂದು ಗುಳಿಗೆಯಷ್ಟು ಬೇಕೆಂದರೆ ಕಿಲೋಗಟ್ಟಲೆ ತಿನ್ನಬೇಕು. ಆದರೂ ರೊಟ್ಟಿ ಜೊತೆ ಹಸಿ ಉಳ್ಳಾಗಡ್ಡಿ ಬಿಡಬ್ಯಾಡ್ರಿ, ಅದರಲ್ಲಿರುವ, ಸಕ್ಕರೆ ಜೊತೆ ಕೂಡಿದ ಗ್ಲುಕೋಸೈಡ್ ರೂಪದ ಕ್ವೆರ್ಸೆಟಿನ್ ದೇಹಕ್ಕೆ ಚೆನ್ನಾಗಿ ಹಿಡಿಯುತ್ತದೆ. ಒಣಸಿಪ್ಪೆ ಮಾತ್ರ ತೆಗೆಯಿರಿ. ಹೊರಪದರದಲ್ಲೇ ಕ್ವೆರ್ಸೆಟಿನ್ ಹೆಚ್ಚು. ಕುದಿಸಿದರೆ ನೀರಿಗೆ ಇಳಿಯುತ್ತದೆ, ಆ ನೀರು ಚೆಲ್ಲದೆ ಸಾರಿಗೇ ಹಾಕಿರಿ.